ರಾಚವ್ವನಿಗೆ ಹೇಳಿದ ಗೆದ್ದಲಿನ ಸಂಗತಿ

ನಾನು ಓದಿದ ವಿಶ್ವವಿದ್ಯಾಲಯದ ಊರಲ್ಲಿ ಸಂಜೆ ನಾಲ್ಕೂವರೆ ಎಂದರೆ ಗಡಿಬಿಡಿಯ ಹೊತ್ತು. ಗ್ರಂಥಾಲಯದ ಎರಡನೇ ಮಹಡಿಯಲ್ಲಿ ಸಾಲಾಗಿ ಇಟ್ಟಿದ್ದ ನಲವತ್ತು ಕಂಪ್ಯೂಟರುಗಳ ಮುಂದಿನಿಂದ ನಾವೆಲ್ಲ ಒಟ್ಟಿಗೆ ಎದ್ದು, ಚಪ್ಪಲಿ ಅದಲುಬದಲು ಮಾಡಿಕೊಂಡು, ಮೆಟ್ಟಿಲಿಳಿದು ಪೇಟೆಯ ಕಡೆ ಓಡುತ್ತಿದ್ದೆವು. ಪರದೆಯ ಮೇಲೆ ಓದಿದ್ದನ್ನು ದೀಪ ಹಚ್ಚುವುದರೊಳಗೆ ಯಾರಿಗಾದರೂ ಹೇಳಿಬಿಡಬೇಕಿತ್ತು. ಹೇಳದಿದ್ದರೆ ಮರುದಿನ ಬೆಳಿಗ್ಗೆ ಅದರಲ್ಲಿ ಒಂದಕ್ಷರವೂ ತಲೆಯಲ್ಲಿ ಇರುತ್ತಿರಲಿಲ್ಲ. ಬರೆದುಕೊಂಡರಾಯಿತಲ್ಲ ಎಂದು ಹೊಸಬರು ಜಾಣತನ ಮಾಡುತ್ತಿದ್ದರು. ಬರೆದದ್ದು ಉಳಿಯುತ್ತಿತ್ತು, ಪ್ರಿಂಟ್ ತೆಗೆದದ್ದೂ ಉಳಿಯುತ್ತಿತ್ತು. ಆದರೆ ಓದಲು ಕೂತರೆ ನಮ್ಮದೇ ಕೈಬರಹದ ತಲೆಬುಡ ತಿಳಿಯುತ್ತಿರಲಿಲ್ಲ. ಎದುರಿಗೊಬ್ಬರು ಕೂತು ಕಿವಿಯಾರೆ ಕೇಳಿಸಿಕೊಂಡರೆ ಮಾತ್ರ ಅದು ನಮ್ಮದಾಗುತ್ತಿತ್ತು. ನಮ್ಮ ನಮ್ಮಲ್ಲೇ ಹೇಳಿಕೊಳ್ಳೋಣವೆಂದರೆ, ಆ ದಿನ ಪರದೆ ನೋಡಿದವರ ಕಿವಿ ಕೆಲಸಕ್ಕೆ ಬರುತ್ತಿರಲಿಲ್ಲ. ಹಾಗಾಗಿ ನಮಗೆ ಊರಿನವರೇ ಗತಿ.

ಊರಿನವರು ಇದಕ್ಕೆ ಹೊಂದಿಕೊಂಡಿದ್ದ ಬಗೆ ನೆನೆದರೆ ಈಗಲೂ ನಗು ಬರುತ್ತದೆ. ಕಾನೂನು ವಿಭಾಗದ ಹುಡುಗರೆಲ್ಲ ಕ್ಷೌರದ ಅಂಗಡಿಯಲ್ಲಿ ಹೇಳುತ್ತಿದ್ದರಿಂದ ಅಲ್ಲಿ ಗಡ್ಡ ಹೆರೆಸಿಕೊಳ್ಳಲು ಕೂತವರಿಗೆ ಆಸ್ತಿ ಭಾಗದ ಬಗ್ಗೆ ಪುಕ್ಕಟೆ ಸಲಹೆ ಸಿಗುತ್ತಿತ್ತು. ಬಾಳೆಹಣ್ಣಿನ ಮಂಡಿಯ ಮುಂದೆ ‘ಅರ್ಥಶಾಸ್ತ್ರ ಹೇಳಬಾರದು’ ಎಂದು ಬೋರ್ಡೇ ತೂಗುಹಾಕಿದ್ದರು. ಹೂ ಮಾರುವ ತಾಯಮ್ಮ ಸಾಹಿತ್ಯ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ, ಅದರಲ್ಲೂ ವಿಮರ್ಶೆ ಎಂದರೆ ಮುಖ ಸಿಂಡರಿಸಿ, “ಕಥೆ ಆದ್ರೆ ಹೇಳು, ಕಥೆ ಮೇಲಿನ್ ಜಗಳ ಬ್ಯಾಡ,” ಎನ್ನುತ್ತಿದ್ದಳು. ಹೆಣ್ಣು ನೋಡಲು ಬಂದವರು ಹುಡುಗಿ ಯಾವ ಯಾವ ವಿಷಯ ಕೇಳಿದ್ದಾಳೆ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ವರ್ಷಕ್ಕೊಮ್ಮೆ ಗ್ರಂಥಪಾಲಕ ವೀರಭದ್ರಯ್ಯನವರು ‘ವಿದ್ಯುನ್ಮಾನ ಸಂಪನ್ಮೂಲಗಳ ಬಳಕೆ’ ಎಂಬ ತಲೆಬರಹದ ಫಾರಂ ಹಂಚುತ್ತಿದ್ದರು. ವಾರಕ್ಕೆ ಎಷ್ಟು ಸಲ ಬಳಸುತ್ತೀರಿ, ಯಾತಕ್ಕೆ ಬಳಸುತ್ತೀರಿ, ಎದುರಾಗುವ ತೊಂದರೆಗಳೇನು? ನೆಟ್ ನಿಧಾನ, ಕರೆಂಟ್ ಹೋಗುತ್ತದೆ, ಪಾಸ್‌ವರ್ಡ್ ನೆನಪಿರುವುದಿಲ್ಲ ಎಂದೆಲ್ಲ ಅವರೇ ಅಚ್ಚು ಹಾಕಿಸಿರುತ್ತಿದ್ದರು. ಅವನ್ನೆಲ್ಲ ಬಿಟ್ಟು ನಾವು ಕೊನೆಯ ಖಾಲಿ ಗೆರೆಯಲ್ಲಿ ‘ಕೇಳುವವರು ಸಾಲದು’ ಎಂದು ಬರೆಯುತ್ತಿದ್ದೆವು. ವೀರಭದ್ರಯ್ಯನವರು ಕನ್ನಡಕ ಮೇಲೇರಿಸಿ ಅದನ್ನು ಓದಿ, “ಕಂಪ್ಯೂಟರ್ ಬೇಕಾದ್ರೆ ಇನ್ನೂ ಹತ್ತು ತರಿಸ್ತೀನ್ರಮ್ಮ, ಕಿವಿ ಎಲ್ಲಿಂದ ತರಿಸ್ಲಿ?” ಎಂದು ನಿಟ್ಟುಸಿರು ಬಿಡುತ್ತಿದ್ದರು.

ಪಿಎಚ್.ಡಿ.ಗೆ ಸೇರಿದವರಿಗೆ ಇನ್ನೂ ಒಂದು ಕಟ್ಟುಪಾಡಿತ್ತು. ಒಬ್ಬರನ್ನು ಗೊತ್ತುಮಾಡಿಕೊಂಡು, ಎಲೆ ಅಡಿಕೆಯ ಜೊತೆ ಒಂದಚ್ಚು ಬೆಲ್ಲ ಕೊಟ್ಟು, ನನ್ನದನ್ನು ಕೇಳುತ್ತೀರಾ ಎಂದು ಬೇಡಿಕೊಳ್ಳಬೇಕು. ಅವರು ಒಪ್ಪಿದರೆ ಅವರ ಹೆಸರು ವಿಭಾಗದ ದಾಖಲೆಗೆ ಸೇರುತ್ತಿತ್ತು. ಕೊನೆಯಲ್ಲಿ ಮೌಖಿಕ ಪರೀಕ್ಷೆಯ ದಿನ ಅವರು ಮುಂದಿನ ಸಾಲಿನಲ್ಲಿ ಕೂರಬೇಕು. ಹೊರಗಿನಿಂದ ಬಂದ ಪರೀಕ್ಷಕರು ಅವರಿಗೂ ಒಂದು ಪ್ರಶ್ನೆ ಕೇಳುತ್ತಾರೆ. ಅವರು ಉತ್ತರ ಹೇಳಿದರೆ ನಾವು ಓದಿದ್ದು ನಿಜವೆಂದು ಅರ್ಥ, ಹೇಳದಿದ್ದರೆ ಪ್ರಬಂಧ ವಾಪಸ್. ನಡುವೆ ಕೇಳುವವರನ್ನು ಬದಲಿಸಬೇಕೆಂದರೆ ಹಳಬರ ಸಹಿ ಬೇಕು. ಸಹಿ ಕೇಳುವುದೆಂದರೆ, ನಿನ್ನ ಕಿವಿ ಸಾಕಾಯಿತು ಎಂದು ಮುಖಕ್ಕೆ ಹೊಡೆದಂತೆ ಹೇಳುವುದು. ಒಬ್ಬ ವಿದ್ಯಾರ್ಥಿ ಹಾಗೆ ಬಿಟ್ಟುಹೋದರೆ ಆಮೇಲೆ ಬೇರೆ ಯಾರೂ ಅವರ ಹತ್ತಿರ ಸುಳಿಯುತ್ತಿರಲಿಲ್ಲ.

ನನಗೆ ಸಿಕ್ಕವಳು ಇಸ್ತ್ರಿ ರಾಚವ್ವ. ಹಾಸ್ಟೆಲ್ ರಸ್ತೆಯ ತಿರುವಿನಲ್ಲಿ, ಹೊಂಗೆಮರದ ಕೆಳಗೆ ಅವಳ ಗಾಡಿ ನಿಂತಿರುತ್ತಿತ್ತು. ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ಅದರ ಮೇಲೊಂದು ಬಿಳಿ ಪಂಚೆ, ಕೈಯಲ್ಲಿ ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ. ಐವತ್ತೈದು ದಾಟಿದ ಗಟ್ಟಿ ಹೆಂಗಸು. ನಾನು ಬೆಲ್ಲ ಹಿಡಿದು ನಿಂತು, ಗೆದ್ದಲಿನ ಬಗ್ಗೆ ಓದುತ್ತಿದ್ದೇನೆ ಎಂದಾಗ ಅವಳು ಪೆಟ್ಟಿಗೆ ಎತ್ತಿಟ್ಟು ಬಿದ್ದು ಬಿದ್ದು ನಕ್ಕಳು.

“ಗೆದ್ದಲಾ? ಅದನ್ನ ಓದಾಕೂ ಜನ ಅವ್ರಾ? ನಮ್ ಮನೆ ತೊಲೆನೆಲ್ಲ ತಿಂದ್ ಹಾಕೈತೆ ಅದು. ಹೇಳವ್ವ ಹೇಳು, ನನ್ ಶತ್ರು ವಿಷ್ಯ ನಾನೂ ತಿಳ್ಕೊಂಡಂಗಾಯ್ತು.”

ಮೊದಲ ವಾರ ನಾನು ಅವಳಿಗೆ ‘ನೀವು’ ಎಂದು ಮರ್ಯಾದೆ ಕೊಟ್ಟು ಬೈಸಿಕೊಂಡೆ. “ನೀವು ಗೀವು ಅನ್ಬ್ಯಾಡ, ನಾನೇನ್ ನಿಮ್ ಮೇಷ್ಟ್ರಾ?” ಎಂದಳು. ಅಂದಿನಿಂದ ಅವಳು ನನಗೆ ‘ನೀನು’, ನಾನು ಅವಳಿಗೆ ಮಂದಾಕಿನಿ ಹೋಗಿ ಬರೀ ‘ಮಂದಾ’.

ಕೇಳುವುದರಲ್ಲಿ ರಾಚವ್ವನ ಸರಿಸಾಟಿ ಯಾರೂ ಇರಲಿಲ್ಲ. ಕೈ ತನ್ನ ಪಾಡಿಗೆ ನೀರು ಚಿಮುಕಿಸಿ ಕಾಲರ್ ತೀಡುತ್ತಿದ್ದರೆ ಕಿವಿ ಪೂರ್ತಿ ನನ್ನ ಕಡೆಗಿರುತ್ತಿತ್ತು. ರಾಣಿ ಗೆದ್ದಲಿನ ಸಂಗತಿ ಹೇಳಿದ ದಿನ ಅವಳು ಒಂದು ಸೀರೆಯನ್ನು ಅರ್ಧ ಮಡಿಸಿ ಹಾಗೇ ನಿಂತುಬಿಟ್ಟಳು. ರಾಣಿಯ ಪಕ್ಕದಲ್ಲೇ ರಾಜ ಜೀವಮಾನವಿಡೀ ಇರುತ್ತಾನೆ ಎಂದಾಗ, “ಎಲ್ಲೂ ಹೋಗಾಕಿಲ್ವಾ? ಒಂದಿನಾನೂ?” ಎಂದು ಎರಡೆರಡು ಸಲ ಕೇಳಿದಳು. ಇನ್ನೊಂದು ದಿನ, “ಅಲ್ಲ ಕಣೆ, ಕಣ್ಣೇ ಇಲ್ದಿರೋ ಹುಳ, ಮಣ್ಣು ತಂದು ಇಂಥಾ ಕಡೆನೇ ಇಡ್ಬೇಕು ಅಂತ ಹೆಂಗ್ ತಿಳ್ಕೊಳ್ತಾವೆ?” ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಮಾರನೆಯ ದಿನ ಹೋಗಿ ಜರ್ನಲ್‌ಗಳನ್ನೆಲ್ಲ ಜಾಲಾಡಿದೆ. ನನ್ನ ಪ್ರಬಂಧದ ಮೂರನೇ ಅಧ್ಯಾಯ ಹುಟ್ಟಿದ್ದು ಆ ಪ್ರಶ್ನೆಯಿಂದ. ಗೈಡ್ ಶಾಂತವೀರಪ್ಪನವರು ಅದನ್ನು ಓದಿ ನನ್ನ ಬೆನ್ನು ತಟ್ಟಿದರು. ರಾಚವ್ವನ ಪ್ರಶ್ನೆ ಎಂದು ನಾನು ಹೇಳಲಿಲ್ಲ. ಆ ವಯಸ್ಸಿನಲ್ಲಿ ಹೊಗಳಿಕೆಯನ್ನು ಹಂಚಿಕೊಳ್ಳುವ ಬುದ್ಧಿ ನನಗಿರಲಿಲ್ಲ.

ಎರಡು ವರ್ಷ ಹೀಗೆ ಸುಖವಾಗಿ ಕಳೆಯಿತು. ಆ ಸಂಜೆಗಳ ಇದ್ದಿಲಿನ ಶಾಖ, ಒದ್ದೆ ಬಟ್ಟೆಯ ಹಬೆ, ರಾಚವ್ವನ ‘ಆಮ್ಯಾಕೆ?’ ಎಲ್ಲ ಈಗಲೂ ಹಾಗೇ ಇವೆ. ಮೂರನೇ ವರ್ಷದ ಆರಂಭದಲ್ಲಿ ನನ್ನ ತಲೆ ಸೋರತೊಡಗಿತು.

ಹುತ್ತದೊಳಗೆ ಗಾಳಿ ಆಡುವ ಬಗೆಯ ಮೇಲೆ ಹೊಸ ಲೇಖನವೊಂದನ್ನು ಸೋಮವಾರ ಓದಿ, ಸಂಜೆ ರಾಚವ್ವನಿಗೆ ವಿವರವಾಗಿ ಹೇಳಿದೆ. ಮಂಗಳವಾರ ಎದ್ದರೆ ಏನೂ ಇಲ್ಲ. ಮತ್ತೆ ಓದಿ ಮತ್ತೆ ಹೇಳಿದೆ. ಬುಧವಾರವೂ ಅದೇ ಗೋಳು. ನಾನು ಹೇಳುವುದರಲ್ಲೇ ತಪ್ಪಿರಬೇಕೆಂದು ಕೈಕಾಲು ಆಡಿಸಿ, ಮಣ್ಣಿನ ಮೇಲೆ ಚಿತ್ರ ಬರೆದು ಹೇಳಿದೆ. ರಾಚವ್ವ ಸರಿಯಾದ ಹೊತ್ತಿಗೆ ‘ಹೌದಾ’ ಎನ್ನುತ್ತಿದ್ದಳು, ಸರಿಯಾದ ಹೊತ್ತಿಗೆ ಹುಬ್ಬೇರಿಸುತ್ತಿದ್ದಳು. ಆದರೆ ತಿಂಗಳಿಂದೀಚೆಗೆ ಅವಳು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಇದು ನನಗೆ ಆಗ ಹೊಳೆಯಿತು. ಆ ಸಂಜೆ ನಾನು ಮಾಡಬಾರದ ಕೆಲಸ ಮಾಡಿದೆ. ಎಂದಿನ ಮುಖದಲ್ಲೇ, “ನೋಡು ರಾಚವ್ವ, ಮೊನ್ನೆ ಒಂದು ಗಂಡು ಗೆದ್ದಲು ನಮ್ಮ ಹಾಸ್ಟೆಲ್ಲಿಗೆ ಬಂದು ನನ್ನನ್ನ ಮದುವೆ ಆಗು ಅಂತು,” ಎಂದೆ.

“ಹೌದಾ?” ಎಂದಳು ರಾಚವ್ವ, ಶರಟಿನ ತೋಳು ತಿರುವುತ್ತಾ. “ಎಂಥಾ ಚೆಂದ ನೋಡು. ಆಮ್ಯಾಕೆ?”

ನನಗೆ ಅಳು ಬಂತು. ಅವಳ ಕಿವಿ ಹೋಗಿತ್ತು. ನನ್ನ ಮುಖ ನೋಡಿ ನೋಡಿಯೇ ಅವಳು ಇಷ್ಟು ದಿನ ಹೂಂಗುಟ್ಟಿದ್ದಳು. ಅವಳನ್ನು ಹೀಗೆ ಪರೀಕ್ಷೆ ಮಾಡಿದ್ದಕ್ಕೆ ಅವತ್ತು ಆದ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ವಿಷಯ ತಿಳಿಸಿದಾಗ ಶಾಂತವೀರಪ್ಪನವರು ಖಂಡತುಂಡವಾಗಿ ಹೇಳಿದರು. “ಪರೀಕ್ಷಕರು ಹೊಸ ಅಧ್ಯಾಯದ ಮೇಲೇ ಕೇಳೋದು. ಆಯಮ್ಮನಿಗೆ ಗೊತ್ತಿಲ್ಲದಿದ್ರೆ ನಿನ್ನ ಮೂರು ವರ್ಷ ನೀರಲ್ಲಿ ಹೋಮ. ಒಂದು ಸಹಿ ಹಾಕಿಸ್ಕೊಂಡು ಬಾ, ಬೇರೆಯವರ ಹೆಸರು ಹಾಕೋಣ.” ಬದಲಾವಣೆಯ ಫಾರಂ ಹಿಡಿದು ಹೊಂಗೆಮರದವರೆಗೂ ಹೋದೆ. ರಾಚವ್ವ ಅದನ್ನು ನೋಡಿ, “ಏನದು ಕಾಗ್ದ?” ಎಂದಳು. “ಹಾಸ್ಟೆಲ್ಲಿಂದು,” ಎಂದು ಮಡಿಸಿ ಚೀಲಕ್ಕೆ ತುರುಕಿದೆ. ಆಗ ಅವಳ ಹತ್ತಿರ ಹೇಳಲು ಬರುತ್ತಿದ್ದವಳು ನಾನೊಬ್ಬಳೇ. ನಾನೂ ಕಾಗದ ಮುಂದೆ ಹಿಡಿದರೆ ಅವಳ ಕಿವಿ ಹೋದದ್ದು ಊರಿಗೆಲ್ಲ ಗೊತ್ತಾಗುತ್ತಿತ್ತು.

ಆದರೆ ಓದು ತಲೆಯಲ್ಲಿ ನಿಲ್ಲಬೇಕಲ್ಲ. ನಾನು ಕದ್ದುಮುಚ್ಚಿ ಸೈಕಲ್ ರಿಪೇರಿಯ ಗೌಸ್ ಸಾಬರ ಹತ್ತಿರ ಹೋಗತೊಡಗಿದೆ. ದಿನಕ್ಕೆ ಆರೇಳು ಜನರದ್ದು ಕೇಳಿ ಒಂದೂ ಬೆರಕೆಯಾಗದಂತೆ ಇಟ್ಟುಕೊಳ್ಳುವ ತಲೆ ಅವರದು. ಮೊದಲ ದಿನವೇ, “ರಾಚವ್ವಂಗೆ ಹೇಳಿ ಬಂದಿದ್ದೀಯೇನಮ್ಮ?” ಎಂದು ಕೇಳಿದರು. “ಹೇಳಿದ್ದೀನಿ ಸಾಬರೇ,” ಎಂದು ಹಸಿ ಸುಳ್ಳು ಹೇಳಿದೆ. ಅವರು ನಂಬಲಿಲ್ಲ, ಆದರೂ ಪಂಕ್ಚರ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದುತ್ತಾ, “ಹೂಂ, ಶುರು ಮಾಡು,” ಎಂದರು. ಅಲ್ಲಿ ಹೇಳಿ ಮುಗಿಸಿ ಓಡುತ್ತಾ ಬಂದು, ಅದನ್ನೇ ಮತ್ತೆ ರಾಚವ್ವನ ಮುಂದೆ ಹೇಳುತ್ತಿದ್ದೆ. ಅವಳು ‘ಆಮ್ಯಾಕೆ?’ ಎನ್ನುತ್ತಿದ್ದಳು. ಆ ವರ್ಷವೆಲ್ಲ ಹೀಗೇ ನಡೆಯಿತು. ಪ್ರಬಂಧ ಮುಗಿಯಿತು, ಪರೀಕ್ಷೆಯ ದಿನವೂ ಬಂತು.

ಸಭಾಂಗಣ ತುಂಬಿತ್ತು. ನಮ್ಮೂರಿನಲ್ಲಿ ಮೌಖಿಕ ಪರೀಕ್ಷೆಗೆ ಮದುವೆಗೆ ಬರುವಷ್ಟೇ ಜನ ಬರುತ್ತಿದ್ದರು. ರಾಚವ್ವ ಗಂಜಿ ಹಾಕಿದ ಹಸಿರು ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ನಾಲ್ಕನೇ ಸಾಲಿನಲ್ಲಿ ಗೌಸ್ ಸಾಬರಿದ್ದರು. ಪರೀಕ್ಷಕರು ಪ್ರೊಫೆಸರ್ ತಿಪ್ಪೇರುದ್ರಪ್ಪ. ತುಟಿ ಪೂರ್ತಿ ಮುಚ್ಚುವಂಥ ಮೀಸೆ ಅವರದು. ರಾಚವ್ವನಿಗೆ ಅವರ ಮಾತು ಕಾಣುವಂತೆಯೇ ಇರಲಿಲ್ಲ. ನನ್ನನ್ನು ಒಂದು ಗಂಟೆ ಹಿಂಡಿದರು, ಎಲ್ಲದಕ್ಕೂ ಉತ್ತರ ಹೇಳಿದೆ. ಆಮೇಲೆ ಅವರು ರಾಚವ್ವನ ಕಡೆ ತಿರುಗಿ, “ಏನಮ್ಮಾ, ಹುತ್ತದ ಒಳಗೆ ಅಷ್ಟು ಹುಳ ಇರುತ್ತವಲ್ಲ, ಅವಕ್ಕೆ ಉಸಿರಾಡೋಕೆ ಗಾಳಿ ಹೇಗೆ ಬರುತ್ತೆ ಹೇಳಿ ನೋಡೋಣ,” ಎಂದರು.

ರಾಚವ್ವ ಅವರ ಮೀಸೆಯನ್ನೇ ನೋಡಿದಳು. ಅದು ಆಡುವುದು ನಿಂತಾಗ ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು.

“ರಾಣಿ ಇರ್ತಾಳೆ ಸ್ವಾಮಿ, ಒಳಗೆ, ಒಂದು ಗಟ್ಟಿ ಮಣ್ಣಿನ್ ಕೋಣೆಲಿ. ನಮ್ ಬೆರಳಷ್ಟು ಉದ್ದ ಮೈ. ಏಳಾಕಾಗಾಕಿಲ್ಲ, ಆಚೆ ಬರಾಕಾಗಾಕಿಲ್ಲ. ಒಂದ್ ದಪ ಹಾರಿ ಬಂದು ರೆಕ್ಕೆ ಉದುರಿಸ್ಕೊಂಡ್ಲು ಅಂದ್ರೆ ಮುಗೀತು, ಆಮ್ಯಾಕೆ ಆಕಾಸ ಅನ್ನೋದೇ ಇಲ್ಲ. ಮೊಟ್ಟೆ ಇಡ್ತಾನೇ ಇರ್ತಾಳೆ, ಹಗಲೂ ರಾತ್ರಿ. ಕಣ್ಣಿಲ್ದಿರೋ ಮಕ್ಳು ಬಂದು ಬಾಯಿಗೆ ತುತ್ತು ಕೊಡ್ತಾವೆ, ಮೈ ನೆಕ್ಕಿ ಚೊಕ್ಕಟ ಮಾಡ್ತಾವೆ. ರಾಜ ಪಕ್ಕದಲ್ಲೇ ಇರ್ತಾನೆ. ಎಲ್ಲೂ ಹೋಗಾಕಿಲ್ಲ. ಒಂದಿನಾನೂ ಹೋಗಾಕಿಲ್ಲ.”

ನಾನು ಮೊದಲ ವರ್ಷ ಹೇಳಿದ್ದನ್ನು ನನಗಿಂತ ಚೆನ್ನಾಗಿ ಹೇಳಿದ್ದಳು. ಆದರೆ ಅವರು ಕೇಳಿದ್ದು ಅದಲ್ಲ. ತಿಪ್ಪೇರುದ್ರಪ್ಪನವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. “ನಾನು ಕೇಳಿದ್ದಕ್ಕೆ ಇದು ಉತ್ತರವೇನಮ್ಮ?”

ನಾಲ್ಕನೇ ಸಾಲಿನಲ್ಲಿ ಗೌಸ್ ಸಾಬರು ಅರ್ಧ ಎದ್ದಿದ್ದರು. ಗಾಳಿಯ ವಿಷಯ ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಅವರು ಬಾಯಿಬಿಟ್ಟರೆ, ಇಲ್ಲವೇ ನಾನೇ ‘ಇವಳಿಗೆ ಕಿವಿ ಕೇಳಿಸುವುದಿಲ್ಲ ಸರ್’ ಎಂದರೆ, ಅಲ್ಲೇ ಡಾಕ್ಟರ್ ಮಂದಾಕಿನಿ ಆಗಿಬಿಡಬಹುದಿತ್ತು. ರಾಚವ್ವ ಇನ್ನೂ ನಿಂತೇ ಇದ್ದಳು, ಪರೀಕ್ಷೆ ಕೊಟ್ಟವಳು ತಾನೇ ಎಂಬಂತೆ ನನ್ನ ಮುಖ ನೋಡುತ್ತಾ. ನಾನು ಸಾಬರಿಗೆ ಬೇಡವೆಂದು ತಲೆಯಾಡಿಸಿದೆ. ಅವರು ನಿಧಾನವಾಗಿ ಕೂತರು.

“ಅಲ್ಲ ಸರ್,” ಎಂದೆ. “ಗಾಳಿಯ ವಿಷಯ ನಾನು ಇವರಿಗೆ ಹೇಳಲೇ ಇಲ್ಲ. ಹೇಳಿದ್ದಷ್ಟನ್ನು ಇವರು ಸರಿಯಾಗಿಯೇ ಹೇಳಿದರು. ತಪ್ಪು ನನ್ನದು.”

“ಅಂದರೆ ಆ ಅಧ್ಯಾಯ ನೀವು ಓದದೇ ಬರೆದದ್ದು?”

“ಹೌದು ಸರ್.”

ಶಾಂತವೀರಪ್ಪನವರು ಹಣೆ ಚಚ್ಚಿಕೊಂಡರು. ಪ್ರಬಂಧ ವಾಪಸಾಯಿತು, ಆರು ತಿಂಗಳಾದ ಮೇಲೆ ಮತ್ತೆ ಬರಬೇಕೆಂದು ಬರೆದುಕೊಟ್ಟರು. ಜನ ಗುಸುಗುಸು ಮಾತಾಡುತ್ತಾ ಚದುರಿದರು. ಮೆಟ್ಟಿಲಿಳಿಯುವಾಗ ರಾಚವ್ವ ನನ್ನ ಕೈ ಹಿಡಿದುಕೊಂಡಳು. “ಸರಿಯಾಗ್ ಹೇಳಿದ್ನಾ?” ಎಂದಳು. ಅವಳಿಗೆ ಕಾಣುವಂತೆ ಬಾಯಗಲಿಸಿ, “ತುಂಬಾ ಚೆನ್ನಾಗಿ ಹೇಳ್ದೆ,” ಎಂದೆ. ನಾನು ಹಾಸ್ಟೆಲ್ಲಿಗೆ ಹೋಗಿ ದಿಂಬಿಗೆ ಮುಖ ಒತ್ತಿ ಅತ್ತೆ. ಮಾಡಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ.

ಮಾರನೆಯ ಸಂಜೆ ಅಭ್ಯಾಸಬಲದಿಂದ ಕಾಲು ಹೊಂಗೆಮರದ ಕಡೆಗೇ ಎಳೆಯಿತು. ಗಾಡಿಯ ಮೇಲೆ ಬಟ್ಟೆಯಿರಲಿಲ್ಲ, ಇಸ್ತ್ರಿ ಪೆಟ್ಟಿಗೆ ತಣ್ಣಗೆ ಕೂತಿತ್ತು. ಪಂಚೆಯ ಮೇಲೆ ಬದಲಾವಣೆಯ ಫಾರಂ ಇತ್ತು. ಬೆಳಿಗ್ಗೆಯೇ ರಾಚವ್ವ ವಿಭಾಗಕ್ಕೆ ಹೋಗಿ ಅದನ್ನು ಇಸಿದುಕೊಂಡು, ಸಹಿ ಹಾಕುವ ಜಾಗದಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದಿದ್ದಳು.

“ಸಾಬರ ಹೆಸ್ರು ನೀನೇ ಬರ್ಕೋ,” ಎಂದಳು.

ನಾನು ಕಾಗದ ಕೈಗೆತ್ತಿಕೊಂಡೆ. “ನಿಂಗೆ ಹೆಂಗೆ ಗೊತ್ತಾಯ್ತು?”

ಅವಳು ನನ್ನ ತುಟಿ ನೋಡಿ ಅರ್ಥಮಾಡಿಕೊಂಡಳು. “ಹೊಸ್ದಾಗ್ ಹೇಳೋರ ಮುಖ ಒಂಥರಾ ಇರ್ತೈತೆ ಮಂದಾ, ಹೇಳಿದ್ದನ್ನೇ ಹೇಳೋರ ಮುಖ ಇನ್ನೊಂಥರಾ. ಒಂದೊರ್ಷದಿಂದ ನಿನ್ ಮುಖಾನೇ ನೋಡ್ಕೊಂಡ್ ಕೂತಿದೀನಿ, ಅಷ್ಟೂ ತಿಳಿಯಾಕಿಲ್ವಾ ನಂಗೆ? ನಿನ್ನೆ ಆ ಮೀಸೆ ಸ್ವಾಮಿ ಏನ್ ಕೇಳಿದ್ರೋ ದೇವ್ರಿಗೇ ಗೊತ್ತು. ನಂಗ್ ಗೊತ್ತಿದ್ದುದ್ನ ಹೇಳ್ದೆ. ಅವ್ರ ಮುಖ ಬಾಡ್ತು, ಆಮ್ಯಾಕೆ ನಿನ್ ಮುಖಾನೂ ಬಾಡ್ತು. ಹಿಂದೆ ಎದ್ದಿದ್ದ ಸಾಬ್ರಿಗೆ ನೀನು ಬ್ಯಾಡ ಅಂತ ತಲೆ ಆಡಿಸಿದ್ದೂ ಕಂಡೆ. ಆದ್ರೂ ನೀನು ನನ್ ಕಡೆ ಬೊಟ್ಟು ಮಾಡ್ಲಿಲ್ಲ.”

“ಮೊದಲೇ ಯಾಕೆ ಹೇಳ್ಲಿಲ್ಲ ರಾಚವ್ವ? ನಾನೇನು ಅಂದ್ಕೋತಿದ್ದೆ?”

“ಹೇಳಿದ್ರೆ ನೀನು ಬರಾದು ನಿಲ್ಲಿಸ್ತಿದ್ದೆ.” ಅವಳು ಪಂಚೆಯ ಸುಕ್ಕು ತೀಡಿದಳು. “ನಾನು ಕಳ್ಳಿ ಕಣವ್ವ. ನಿನ್ ಒಂದೊರ್ಷ ಕದ್ಬಿಟ್ಟೆ.”

ಕದ್ದದ್ದು ಯಾರು ಎಂದು ನನಗೆ ಆಗಲೇ ಅನುಮಾನ ಬರತೊಡಗಿತ್ತು. ಸಾಬರ ಹತ್ತಿರ ಹೋಗು, ಹೊತ್ತಾಗುತ್ತದೆ ಎಂದು ಅವಳು ಕೈಸನ್ನೆ ಮಾಡಿದಳು. ಇವತ್ತು ನಾನು ಏನೂ ಓದಿಲ್ಲ ಎಂದು ಕೈಯಾಡಿಸಿ ತೋರಿಸಿದೆ. ಓದದಿದ್ದ ದಿನ ನಾನು ಅಲ್ಲಿಗೆ ಬಂದದ್ದು ಅದೇ ಮೊದಲು. ಮರದ ಬುಡದ ಕಲ್ಲಿನ ಮೇಲೆ ಕೂತೆ. ರಾಚವ್ವ ಏನು ಮಾಡಬೇಕೆಂದು ತೋಚದೆ ತಣ್ಣಗಿದ್ದ ಪೆಟ್ಟಿಗೆಯನ್ನು ಆ ಕಡೆಯಿಂದ ಈ ಕಡೆಗೆ ಇಟ್ಟಳು. ನಾನು ಅವಳ ಮುಖ ನನ್ನ ಕಡೆ ತಿರುಗಿಸಿ, ನಿಧಾನವಾಗಿ ತುಟಿಯಾಡಿಸಿ, “ನೀನು ಹೇಳು. ನಾನು ಕೇಳ್ತೀನಿ,” ಎಂದೆ.

“ನಾನಾ? ನಾನೇನ್ ಓದೀನಿ ಹೇಳಾಕೆ?”

“ನಿಂದು ಹೇಳು.”

ಮೂರು ವರ್ಷ ದಿನಾ ಸಂಜೆ ಅವಳೆದುರು ಕೂತು ಮಾತಾಡಿದ್ದೆ. ಹುತ್ತದೊಳಗೆ ಎಷ್ಟು ಕೋಣೆಗಳಿರುತ್ತವೆ ಎಂಬುದನ್ನು ಎಣಿಸಿ ಹೇಳಿದ್ದೆ. ಅವಳ ಊರು ಯಾವುದು, ಮಕ್ಕಳೆಷ್ಟು, ಗಂಡ ಎಲ್ಲಿ, ಸಂಜೆ ಗಾಡಿ ತಳ್ಳಿಕೊಂಡು ಅವಳು ಯಾವ ಮನೆಗೆ ಹೋಗುತ್ತಾಳೆ, ಒಂದೂ ನನಗೆ ಗೊತ್ತಿರಲಿಲ್ಲ. ಒಂದು ದಿನವೂ ನಾನು ಕೇಳಿರಲಿಲ್ಲ.

ರಾಚವ್ವ ಗಾಡಿಯ ಗಾಲಿಗೆ ಕಲ್ಲು ಕೊಟ್ಟು, ನನ್ನ ಪಕ್ಕದಲ್ಲಿ ಬಂದು ಕೂತು, ಕಾಲು ಚಾಚಿಕೊಂಡಳು. “ನಮ್ಮೂರು ಇಲ್ಲಿಂದ ಎರಡು ಹೊಳೆ ಆಚೆ ಕಣವ್ವ,” ಎಂದು ಶುರು ಮಾಡಿದಳು. ನಾನು ‘ಹೂಂ’ ಎಂದೆ. ಅದು ಅವಳಿಗೆ ಕೇಳಿಸದೆಂದು ನೆನಪಾಗಿ, ಅವಳಿಗೆ ಕಾಣುವಂತೆ ತಲೆಯಾಡಿಸುತ್ತಾ ಹೋದೆ.